ನಡುಗುತ್ತಲೇ ಬೆಟ್ಟ ಹತ್ತಿದ ಪುಟ್ಟೀರಿ

ಬಹಳ ಬಹಳ ಹಿಂದೆ, ಮರಗಳು ನಡೆದಾಡುವುದನ್ನು ಬಿಟ್ಟು ನಿಂತಲ್ಲೇ ನಿಲ್ಲಲು ಕಲಿತ ಹೊಸತರಲ್ಲಿ, ಮುಗಿಲಪಟ್ಟಣವೆಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹಗ್ಗ ಹೊಸೆಯುವವರ ಕೇರಿಯಿತ್ತು. ಆ ಕೇರಿಯಲ್ಲಿ ಪುಟ್ಟೀರಿ ಎಂಬ ಹೆಂಗಸಿದ್ದಳು.

ಅವಳಷ್ಟು ಪುಕ್ಕಲಿ ಏಳು ರಾಜ್ಯದಲ್ಲಿ ಇರಲಿಲ್ಲ. ಹಲ್ಲಿ ಕಂಡರೆ ಭಯ, ಬಾವಿ ಬಗ್ಗಿ ನೋಡಲು ಭಯ, ಗುಡುಗಿದರೆ ಭಯ. ಆದರೆ ಭಯವಾಯಿತೆಂದು ಅವಳು ಕೆಲಸ ಬಿಟ್ಟವಳಲ್ಲ. ಗೋಡೆಯ ಮೇಲೆ ಹಲ್ಲಿ ಇದ್ದರೆ "ಅಯ್ಯೋ, ಅಯ್ಯೋ" ಎನ್ನುತ್ತಲೇ ರೊಟ್ಟಿ ತಟ್ಟುವಳು. ಬಾವಿಯ ಹತ್ತಿರ ಕಣ್ಣು ಮುಚ್ಚಿಕೊಂಡೇ ನೀರು ಸೇದುವಳು.

ಊರಾಚೆಯ ಕಲ್ಲುಬೆಟ್ಟದ ತುದಿಯಲ್ಲಿ ಕಂಗಾಳನೆಂಬ ಮಾಂತ್ರಿಕನಿದ್ದ. ಜನರ ಭಯವೇ ಅವನ ಊಟ. ವರ್ಷಕ್ಕೊಮ್ಮೆ ಅವನ ಹದ್ದು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಿತ್ತು. ಏಳು ದಿನದೊಳಗೆ ಯಾರೂ ಬಿಡಿಸದಿದ್ದರೆ ಆ ಮಗು ಅವನ ಅಂಗಳದಲ್ಲಿ ಕಲ್ಲಿನ ದೀಪದ ಕಂಬವಾಗಿ ನಿಲ್ಲುತ್ತಿತ್ತು. ಆ ವರ್ಷ ಹದ್ದು ಎತ್ತಿದ್ದು ಪುಟ್ಟೀರಿಯ ಐದು ವರ್ಷದ ಮಗಳು ಚೆಲುವಿಯನ್ನು.

ಮೊದಲ ದಿನ ಪುಟ್ಟೀರಿಯ ಗಂಡ ಕೆಂಚ ಕೊಡಲಿ ಹಿಡಿದು ಹೋದ. "ನನಗ್ಯಾರ ಭಯ?" ಎಂದು ಹೋದವನು ಬರಲಿಲ್ಲ. ಮೂರನೆಯ ದಿನ ಯುವರಾಜ ಚಂಡಸೇನ ನೂರು ಭಟರೊಡನೆ ಹೋದ. "ನಮಗ್ಯಾರ ಭಯ?" ಎಂದು ಹೋದವರು ಒಬ್ಬರೂ ಬರಲಿಲ್ಲ.

ಏಳನೆಯ ದಿನ ಬೆಳಗ್ಗೆ ಪುಟ್ಟೀರಿ ಸೊಂಟಕ್ಕೆ ಕತ್ತಾಳೆ ನಾರಿನ ಹೊರೆ ಕಟ್ಟಿಕೊಂಡಳು. ಹಗ್ಗ ಹೊಸೆಯುವ ಕಬ್ಬಿಣದ ಕೊಕ್ಕೆಯನ್ನು ಸೆರಗಿಗೆ ಸಿಕ್ಕಿಸಿದಳು.

"ಹಲ್ಲಿ ಕಂಡರೆ ಊರು ಒಂದು ಮಾಡೋಳು, ಬೆಟ್ಟ ಹತ್ತುತ್ತಾಳಂತೆ!" ಎಂದಳು ಅತ್ತೆ. "ನಿನಗೆ ಭಯ ಆಗಲ್ವೇನೇ?"

"ಆಗದೆ ಏನು ಅತ್ತೆ? ನಿನ್ನೆಯಿಂದ ಹೊಟ್ಟೆಯಲ್ಲಿ ಒನಕೆ ಕುಟ್ಟಿದ ಹಾಗಾಗ್ತಿದೆ."

"ಮತ್ತೆ?"

"ಧೈರ್ಯ ಬರಲಿ ಅಂತ ಕಾಯ್ತಾ ಕೂತರೆ ನನ್ನ ಮಗಳು ಕಂಬ ಆಗ್ತಾಳೆ. ನಡುಗೋ ಕಾಲಾದರೂ ಕಾಲೇ ತಾನೆ?"

ಬೆಟ್ಟದ ಬುಡದಲ್ಲಿ ದಾರಿಗೆ ಅಡ್ಡವಾಗಿ ಒಂದು ಹಲ್ಲಿ ಮಲಗಿತ್ತು. ಅದು ಗಾಡಿಯೆತ್ತಿನಷ್ಟು ದೊಡ್ಡದಿತ್ತು. ಅದು ತಲೆಯೆತ್ತಿ ಕೇಳಿತು: "ಭಯವಾಯಿತಾ?"

ಪುಟ್ಟೀರಿಯ ಹಲ್ಲು ಕಟಕಟ ಎಂದವು. "ಆಯಿತು. ಬಹಳ ಆಯಿತು. ನಿನ್ನ ಮರಿಯನ್ನು ಕಂಡರೇ ಕುಣಿಯೋಳು ನಾನು. ಅದಕ್ಕೇನೀಗ? ಬಾಲ ಸ್ವಲ್ಪ ಎತ್ತು, ನನಗೆ ಹೊತ್ತಾಯಿತು."

ಹಲ್ಲಿ ಲೊಚಗುಟ್ಟಿತು. "ನಿಜ ಹೇಳಿದೆ, ಹೋಗು. ಈ ಬೆಟ್ಟದ ಕಟ್ಟಳೆ ಕೇಳಿಕೋ. ಭಯವಾಗಿಯೂ ಆಗಿಲ್ಲ ಎಂದವರು ತುದಿಯ ಅಂಗಳದಲ್ಲಿ ಕಲ್ಲಾಗುತ್ತಾರೆ. ಕಟ್ಟಳೆ ಇಟ್ಟವನು ಕಂಗಾಳ. ಇಟ್ಟಮೇಲೆ ಅದನ್ನು ಮುರಿಯಲು ಅವನಿಂದಲೂ ಆಗದು."

ಪುಟ್ಟೀರಿ "ಅಯ್ಯೋ, ಅಯ್ಯೋ" ಎನ್ನುತ್ತಲೇ ಅದರ ಬಾಲ ದಾಟಿದಳು.

ನಡುಬೆಟ್ಟದಲ್ಲಿ ಒಂದು ಕಮರಿಯಿತ್ತು. ಅದಕ್ಕೆ ಗೇಣಗಲದ ಕಲ್ಲುಸೇತುವೆಯಿತ್ತು. ಕೆಳಗೆ ನೋಡಿದರೆ ಮೋಡ, ಮೋಡದ ಕೆಳಗೆ ಏನೂ ಇಲ್ಲ. ಸೇತುವೆಯ ಮೇಲೆ ಸುಂಟರಗಾಳಿಯೊಂದು ಸುತ್ತುತ್ತಿತ್ತು. ಅದು ಕೇಳಿತು: "ಭಯವಾಯಿತಾ?"

"ಆಯಿತು. ಮಂಡಿ ಹೊಡ್ಕೊಳ್ಳೋ ಸದ್ದು ಕೇಳಿಸ್ತಿಲ್ವಾ? ಅದಕ್ಕೇನೀಗ? ಕೆಲಸವಿಲ್ಲದೆ ಗಿರಗಿರ ತಿರುಗ್ತಾ ಇದ್ದೀಯಲ್ಲ, ಬಾ ಇಲ್ಲಿ, ಈ ಕೊಕ್ಕೆ ತಿರುಗಿಸು."

ಗಾಳಿಗೆ ಯಾರೂ ಯಾವತ್ತೂ ಕೆಲಸ ಹೇಳಿರಲಿಲ್ಲ. ಅದಕ್ಕೆ ಖುಷಿಯಾಯಿತು. ಪುಟ್ಟೀರಿ ದಡದ ಬಂಡೆಯ ಬಿರುಕಿಗೆ ಕೊಕ್ಕೆ ಸಿಕ್ಕಿಸಿ, ಅದಕ್ಕೆ ನಾರಿನ ತುದಿ ಕಟ್ಟಿದಳು. ಗಾಳಿ ಕೊಕ್ಕೆಯನ್ನು ತಿರುಗಿಸಿತು. ಹಗ್ಗ ಹೊಸೆಯುವವರು ಹಿಂದೆ ಹಿಂದೆ ನಡೆಯುತ್ತಾರೆ. ಮುಂದಿನ ದೂರ ನೋಡುವುದಿಲ್ಲ, ಕೈಯಲ್ಲಿರುವ ಎಳೆ ನೋಡುತ್ತಾರೆ. ಪುಟ್ಟೀರಿಯೂ ಸೇತುವೆಗೆ ಬೆನ್ನು ಹಾಕಿ ಹಿಂದೆ ಹಿಂದೆ ನಡೆದಳು. ಒಂದು ಚಿಟಿಕೆ ನಾರು, ಒಂದು ಹೆಜ್ಜೆ. ಇನ್ನೊಂದು ಚಿಟಿಕೆ ನಾರು, ಇನ್ನೊಂದು ಹೆಜ್ಜೆ. ಕಾಲು ಜಾರಿದಾಗ ತಾನೇ ಹೊಸೆದ ಹಗ್ಗ ಹಿಡಿದು ನಿಂತಳು. ನಾರು ಮುಗಿಯುವ ಹೊತ್ತಿಗೆ ಹಿಮ್ಮಡಿಗೆ ಆಚೆ ದಡದ ಹುಲ್ಲು ತಾಗಿತು. ಹಗ್ಗದ ಕೊನೆಯನ್ನು ಅಲ್ಲಿದ್ದ ಮರಕ್ಕೆ ಬಿಗಿದು ಅವಳು ಮೇಲೆ ಹತ್ತಿದಳು.

ಕಂಗಾಳನ ಅಂಗಳದ ತುಂಬ ಕಲ್ಲುಗಳಿದ್ದವು. ಕತ್ತಿ ಎತ್ತಿದ ಯುವರಾಜನ ಕಲ್ಲು, ಭಟರ ಕಲ್ಲುಗಳು, ಮೀಸೆಯ ಮೇಲೆ ಕೈ ಇಟ್ಟ ಕೆಂಚನ ಕಲ್ಲು.

"ಇಲ್ಲೂ ಮೀಸೆ ತಿರುವಿದೆಯಾ ಮಾರಾಯ!" ಎಂದಳು ಪುಟ್ಟೀರಿ. ಅವಳ ಕಣ್ಣಲ್ಲಿ ನೀರು ಬಂತು.

ಕಂಗಾಳ ಬಾಗಿಲು ತೆರೆದು ಬಂದ. ಅವನ ಪಕ್ಕದಲ್ಲಿ ಚೆಲುವಿ ನಿಂತಿದ್ದಳು. ಸೊಂಟದವರೆಗೆ ಅವಳು ಕಲ್ಲಾಗಿದ್ದಳು.

"ಅಮ್ಮಾ, ಕಾಲು ತಣ್ಣಗಾಗಿದೆ," ಎಂದಿತು ಮಗು.

ಕಂಗಾಳ ನಕ್ಕ. "ಈಗ ಭಯವಾಯಿತಾ?"

ಪುಟ್ಟೀರಿ ನೆಲಕ್ಕೆ ಕುಸಿದಳು. ಉಸಿರು ಸಿಗಲಿಲ್ಲ. ಅಂಥ ಭಯ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನೆಲಕ್ಕೆ ಕೈಯೂರಿ, ಒಂದು ಉಸಿರು ಎಳೆದಳು. ಇನ್ನೊಂದು ಉಸಿರು ಎಳೆದಳು. ಎದ್ದಳು.

"ಆಯಿತು ಕಣೋ. ಪ್ರಾಣ ಬಾಯಿಗೆ ಬಂದಿದೆ. ಅದಕ್ಕೇನೀಗ?" ಎಂದು ಒಂದು ಹೆಜ್ಜೆ ಮುಂದಿಟ್ಟಳು.

ಕಂಗಾಳ ಹೆದರಿ ಓಡಿದವರನ್ನು ನೋಡಿದ್ದ. ಹೆದರಿಲ್ಲವೆಂದು ಕಲ್ಲಾದವರನ್ನು ನೋಡಿದ್ದ. ಗಡಗಡ ನಡುಗುತ್ತಾ ತನ್ನ ಕಡೆಗೇ ಬರುವವರನ್ನು ಅವನು ನೋಡಿರಲಿಲ್ಲ.

"ನಿಲ್ಲು!" ಎಂದ. ಅವಳು ಇನ್ನೊಂದು ಹೆಜ್ಜೆ ಇಟ್ಟಳು. "ನಿಲ್ಲು ಎಂದೆ!" ಎಂದು ಅವನು ಹಿಂದೆ ಸರಿದ. ಅವಳು ಮತ್ತೊಂದು ಹೆಜ್ಜೆ ಇಟ್ಟಳು. ಅವನ ಬೆನ್ನು ಗೋಡೆಗೆ ತಾಗಿತು. ಹಣೆಯಿಂದ ಬೆವರು ತೊಟ್ಟಿಕ್ಕಿತು.

"ಎಲ್ಲರನ್ನೂ ಕೇಳ್ತೀಯಲ್ಲ, ಈಗ ನೀನು ಹೇಳು," ಎಂದಳು ಪುಟ್ಟೀರಿ. "ಭಯವಾಯಿತಾ?"

"ನನಗಾ? ಈ ಕಂಗಾಳನಿಗಾ? ಇಲ್ಲ!"

ಬೆಟ್ಟ ಅದನ್ನು ಕೇಳಿಸಿಕೊಂಡಿತು. ಕಟ್ಟಳೆಯೆಂದರೆ ಕಟ್ಟಳೆ. ಅವನ ಬೆರಳು ಕಲ್ಲಾಯಿತು, ಮಂಡಿ ಕಲ್ಲಾಯಿತು, ಎದೆ ಕಲ್ಲಾಯಿತು. "ಆಯಿತು, ಭಯವಾ—" ಎನ್ನುವಷ್ಟರಲ್ಲಿ ಗಂಟಲೂ ಕಲ್ಲಾಯಿತು. ಆ ಕಲ್ಲು ಬಿರಿದು ಮರಳಾಗಿ ಸುರಿಯಿತು.

ಚೆಲುವಿಯ ಕಾಲಿಗೆ ಬಿಸಿ ಬಂತು. ಅವಳು ಓಡಿ ಬಂದು ತಾಯಿಯ ಕೊರಳಿಗೆ ಜೋತುಬಿದ್ದಳು. ದೀಪದ ಕಂಬಗಳೆಲ್ಲ ಮಕ್ಕಳಾದವು. ಕಲ್ಲುಗಳೆಲ್ಲ ಗಂಡಸರಾದವು.

"ನಾನೇನು ಹೆದರಿ..." ಎಂದು ಯುವರಾಜ ಬಾಯಿ ತೆರೆದ. ಎಲ್ಲರೂ ಅವನ ಕಾಲ್ಬೆರಳು ನೋಡಿದರು. ಅವನೂ ನೋಡಿಕೊಂಡ. ಬಾಯಿ ಮುಚ್ಚಿದ.

ಇಳಿಯುವಾಗ ಸೇತುವೆಯ ಹತ್ತಿರ ಎಲ್ಲರೂ ನಿಂತುಬಿಟ್ಟರು. ಹೋಗುವಾಗ ಕತ್ತಿ ಝಳಪಿಸುತ್ತಾ ಓಡಿ ದಾಟಿದವರಿಗೆ ಈಗ ಕಮರಿ ಕಣ್ಣಿಗೆ ಬಿದ್ದಿತ್ತು. ಒಬ್ಬ ಭಟ ಚಪ್ಪಲಿ ಸರಿಮಾಡಿಕೊಂಡ. ಇನ್ನೊಬ್ಬ ಆಕಾಶ ನೋಡಿದ.

ಪುಟ್ಟೀರಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಹಗ್ಗಕ್ಕೆ ಕೈ ಹಾಕಿ ಹೇಳಿದಳು: "ಭಯ ಆದವರು ನನ್ನ ಹಿಂದೆ ಬನ್ನಿ. ಹಗ್ಗ ಹಿಡಿದು ಒಂದೊಂದೇ ಹೆಜ್ಜೆ. ಭಯ ಆಗದವರು ಇಲ್ಲೇ ಇರಿ, ನಿಮಗೆ ನನ್ನ ಅಗತ್ಯವಿಲ್ಲ."

ಮೊದಲು ಮಕ್ಕಳು ಬಂದರು. ಆಮೇಲೆ ಕೆಂಚ ಮೀಸೆಯಿಂದ ಕೈ ತೆಗೆದು, "ನನಗೆ ಆಗಿದೆ ಕಣೇ," ಎಂದು ಬಂದ. ಆಮೇಲೆ ಭಟರು ಬಂದರು. ಕೊನೆಗೆ ಯುವರಾಜ ಕತ್ತಿ ಕೆಳಗಿಟ್ಟು, ಎರಡೂ ಕೈಯಲ್ಲಿ ಹಗ್ಗ ಹಿಡಿದ. ಆ ದಡದಲ್ಲಿ ಒಬ್ಬರೂ ಉಳಿಯಲಿಲ್ಲ.

ಅಂದಿನಿಂದ ಮುಗಿಲಪಟ್ಟಣದಲ್ಲಿ ಯಾವ ಹದ್ದೂ ಮಕ್ಕಳನ್ನು ಮುಟ್ಟಲಿಲ್ಲ. ಉಣ್ಣುವವರು ಹೊಟ್ಟೆತುಂಬ ಉಂಡರು, ಮಲಗುವವರು ಕಣ್ತುಂಬ ಮಲಗಿದರು, ಎಲ್ಲರೂ ಸುಖವಾಗಿ ಬಾಳಿದರು.