ಇಪ್ಪತ್ತೊಂದು ದಿನದ ದಂಟು

ಚಳಿ ಶುರುವಾಗಿತ್ತು. ಅವಳು ಮುಳ್ಳುದಂಟಿನ ಎಲೆಗಳನ್ನು ತೋಳಿನಲ್ಲಿ ಒತ್ತಿ ಹಿಡಿದು, ಗೋಣಿ ಸುತ್ತಿ, ಬುಡಕ್ಕೆ ಮಣ್ಣು ಏರಿಸುತ್ತಿದ್ದಳು. ಇಪ್ಪತ್ತೊಂದು ದಿನ ಹೀಗೆ ಕತ್ತಲಲ್ಲಿದ್ದರೆ ಹಸಿರು ದಂಟು ಬೆಳ್ಳಗಾಗಿ ಕಹಿ ಕಳೆದುಕೊಳ್ಳುತ್ತದೆ. ಕಾಡಂಚಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡವನ್ನು ಬೇರುಸಹಿತ ತಂದು ಹೊಲಕ್ಕೆ ಹಾಕಿದವರು ಅಪ್ಪ.

ಬೇಲಿಯಾಚೆ ಊರ ಹೋಟೆಲಿನ ಅಡುಗೆಯವನು ಬಂದು ನಿಂತ. ಹೋದ ವರ್ಷ ಅವಳೊಡನೆ ಮದುವೆಯ ಮಾತಾಡಿದ್ದವನು. ತಿಂಗಳೊಳಗೆ, ತುಂಬಿದ ಹೋಟೆಲಿನಲ್ಲಿ ನಿಂತು, "ಅವರ ಹೊಲದ ದಂಟೇ ಕಹಿ" ಎಂದವನೂ ಅವನೇ. ಆಮೇಲೆ ಸಂತೆಯಲ್ಲಿ ಅವಳ ದಂಟನ್ನು ಯಾರೂ ಮುಟ್ಟಲಿಲ್ಲ. ಅಪ್ಪ ಅರ್ಧ ಹೊಲದ ಗಿಡ ಅಗೆದು ಎಸೆದರು.

"ಚೆನ್ನಾಗಿದ್ದೀಯಾ?"

"ಯಾರು ನೀವು?"

"ನೀವು ಅಂತೀಯ? ಅಷ್ಟು ದೊಡ್ಡವನಾದ್ನಾ ನಾನು?"

"ಆಗದೆ ಏನು? ಒಂದೇ ಮಾತಿಗೆ ನಮ್ಮ ವ್ಯಾಪಾರ ಮುಗಿಸಿದೋರು."

ಅವನ ನಗು ಅರ್ಧಕ್ಕೇ ನಿಂತಿತು. ಕೆನ್ನೆಯ ಗುಳಿಯನ್ನು ನೋಡಬಾರದೆಂದುಕೊಂಡೇ ನೋಡಿದಳು; ತನ್ನ ಮೇಲೆಯೇ ಸಿಟ್ಟು ಬಂತು. ಇನ್ನೂ ಗೋಣಿ ಸುತ್ತದ ಗಿಡದಿಂದ ಹಸಿರು ದಂಟೊಂದನ್ನು ಕುಯ್ದು, ಮುಳ್ಳು ಸವರಿ, ಅವನ ಕೈಗಿಟ್ಟಳು.

"ತಿನ್ನಿ. ಪೂರ್ತಿ. ಆಮೇಲೆ ಮಾತು."

ಅವನು ಅಗಿದ. ಕಣ್ಣಲ್ಲಿ ನೀರಾಡಿತು, ಉಗುಳಲಿಲ್ಲ. ಅವಳು ಒಂದೊಂದು ತುತ್ತನ್ನೂ ನೋಡುತ್ತ ನಿಂತಳು. ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ.

"ಅವತ್ತು ಗಿರಾಕಿ ಜಾಸ್ತಿ ಇದ್ರು," ಎಂದ. "ನಿಮಗ್ಯಾರಿಗೂ ಹೇಳದೆ ಒಂಬತ್ತನೇ ದಿನಕ್ಕೇ ಕುಯ್ಕೊಂಡು ಹೋದೆ. ಪಲ್ಯ ಕಹಿ ಅಂತ ಮಾಲೀಕರು ಬೈದ್ರು, ತಪ್ಪನ್ನ ನಿಮ್ಮ ಹೊಲದ ಮೇಲೆ ಹಾಕ್ದೆ. ಆಮೇಲೆ ಮುಖ ತೋರಿಸೋ ಧೈರ್ಯ ಬರ್ಲಿಲ್ಲ. ಕ್ಷಮೆ ಕೇಳೋಣ ಅಂತ ಬಂದೆ."

"ಗೊತ್ತಿತ್ತು. ಗೋಣಿ ಬಿಚ್ಚಿದ್ದನ್ನ ಮಾರನೇ ದಿನವೇ ನೋಡಿದ್ದೆ."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ನಿಮ್ಮ ಬಾಯಿಂದಲೇ ಬರ್ಲಿ ಅಂತ. ಅದೇ ಹೋಟೆಲಲ್ಲಿ, ಊಟದ ಹೊತ್ತಲ್ಲಿ, ಮಾಲೀಕರ ಎದುರಿಗೆ."

"ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ."

ಮಾರನೆಯ ಮಧ್ಯಾಹ್ನ ಅವಳು ಹೋಟೆಲಿನ ನಟ್ಟನಡುವಿನ ಮೇಜಿಗೇ ಕುಳಿತಳು. ಅವನು ಒಳಗಿನಿಂದ ಬಂದು, ಎಲ್ಲರಿಗೂ ಕೇಳುವಂತೆ, ಒಂಬತ್ತನೇ ದಿನದ ಕಥೆ ಹೇಳಿದ. ಚಮಚಗಳ ಸದ್ದು ನಿಂತಿತು. ಮಾಲೀಕರು ಬಾಗಿಲು ತೋರಿಸಿದರು.

ಬೀದಿಯಲ್ಲಿ ಅವನು ಕೇಳಿದ: "ಈಗ ತೀರ್ತಾ?"

"ಅಪ್ಪಂದು ತೀರ್ತು. ನನ್ನನ್ನ ವರ್ಷಪೂರ್ತಿ ಕಾಯಿಸಿದ್ದು ಬಾಕಿ."

"ಅದನ್ನ ಹೇಗೆ ತೀರಿಸ್ಲಿ?"

"ತೀರಿಸೋಕೆ ಬಿಡಲ್ಲ. ಬದುಕಿರೋವರೆಗೂ ದಿನಾ ಒಂದ್ಸಲ ಅದನ್ನೇ ಹೇಳಿ ಹಂಗಿಸ್ತೀನಿ. ಆಗುತ್ತಾ?"

"ದಿನಾ ಅಂದ್ರೆ, ಒಂದೇ ಮನೇಲಿರ್ಬೇಕಾಗುತ್ತೆ."

ಅವಳು ಮುಂದೆ ನಡೆದಳು, ಅವನ ಹೆಜ್ಜೆ ಬಂದು ಕೂಡಿಕೊಳ್ಳುವಷ್ಟು ನಿಧಾನವಾಗಿ.