ಅಂಗಡಿಯ ಹೆಸರು ಕೂಗುವ ಸಕ್ಕರೆ ಗಿಳಿ

ಬಹಳ ಹಿಂದೆ ಹೊನ್ನಗುಡ್ಡವೆಂಬ ರಾಜ್ಯದಲ್ಲಿ ದೇವೀರಿ ಎಂಬ ಹೆಂಗಸಿದ್ದಳು. ಮರದ ಅಚ್ಚಿಗೆ ಪಾಕ ಹೊಯ್ದು ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದು ಅವಳ ಕಸುಬು. ಅವಳಿಗೆ ಚೆಲುವಿ ಎಂಬ ಏಳು ವರ್ಷದ ಮಗಳು, ಮಾತಿನ ಮಲ್ಲಿ.

ಅವಳ ಊರಿಗೆ ಕರಾಳದತ್ತನೆಂಬ ಮಾಂತ್ರಿಕ ಬಂದು ಮಿಠಾಯಿ ಅಂಗಡಿ ತೆರೆದ. ಯಾರೂ ಅತ್ತ ತಲೆ ಹಾಕಲಿಲ್ಲ. ಆಗ ಅವನು ಬೀದಿ ಬೀದಿಯಲ್ಲಿ ಸಕ್ಕರೆ ಗಿಳಿಗಳನ್ನು ಬಿಟ್ಟಿ ಹಂಚಿದ. ಒಂದೊಂದು ಗಿಳಿಯ ಎದೆಯ ಮೇಲೂ ಅವನ ಅಂಗಡಿಯ ಗುರುತು, ತೆರೆದ ಕಣ್ಣು. ನೆಕ್ಕಿದರೆ ಗಿಳಿ ಸಿಳ್ಳೆ ಹಾಕುತ್ತಿತ್ತು. ಇಂಥದ್ದು ಬಿಟ್ಟಿ ಸಿಕ್ಕರೆ ಬೇಡ ಎನ್ನುವ ಮಗು ಎಲ್ಲಿದೆ? ಚೆಲುವಿಯೂ ಒಂದು ತಂದು ನೆಕ್ಕಿದಳು.

ಮೊದಲ ದಿನ ಮಕ್ಕಳ ನಾಲಿಗೆಯ ಮೇಲೆ ಆ ಕಣ್ಣು ಮೂಡಿತು. ಎಲ್ಲರೂ ನಕ್ಕರು. ಎರಡನೆಯ ದಿನ ಮಕ್ಕಳು ಬೇರೆ ಮಾತೆಲ್ಲ ಮರೆತರು. "ಹಸಿವಾಯ್ತೇನೇ?" ಎಂದು ದೇವೀರಿ ಕೇಳಿದರೆ ಚೆಲುವಿ, "ಕರಾಳದತ್ತನ ಅಂಗಡಿಗೆ ಬನ್ನಿ" ಎಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಕರೆಯುತ್ತಲೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಅವಳ ಪಾದಗಳು ಸಕ್ಕರೆಯಾಗಿದ್ದವು. ಹೊಸ್ತಿಲು ದಾಟಿ ಇರುವೆಗಳ ಸಾಲು ಬಂತು. ಅವು ಕಚ್ಚಿ ಒಯ್ದರೂ ಅವಳಿಗೆ ನೋವಾಗಲಿಲ್ಲ. ಅದನ್ನು ಕಂಡು ದೇವೀರಿ ಚೀರಿದಳು.

ಪಕ್ಕದ ಮನೆಯ ಸಾವಂತ್ರಜ್ಜಿ ಓಡಿಬಂದು, ಇರುವೆ ಹತ್ತದಿರಲೆಂದು ಬೆಲ್ಲದ ಡಬ್ಬಿಗೆ ಮಾಡುವ ಹಾಗೆ, ಚೆಲುವಿಯ ಕಾಲನ್ನು ನೀರಿನ ತಟ್ಟೆಯಲ್ಲಿಟ್ಟಳು. ದೇವೀರಿ ಎಳೆದುಕೊಳ್ಳುವಷ್ಟರಲ್ಲಿ ಒಂದು ಕಿರುಬೆರಳು ಕರಗಿಹೋಗಿತ್ತು.

"ಎಂಥಾ ಕೆಲಸ ಮಾಡ್ಬಿಟ್ಟೆ ಕಣವ್ವಾ," ಎಂದು ಅಜ್ಜಿ ಅತ್ತಳು.

"ಅಳಬ್ಯಾಡಿ ಅಜ್ಜಿ. ಸೆರಗಿನಾಗೆ ಇರುವೆ ಓಡುಸ್ತಾ ಕೂತ್ಕೊಳಿ. ನಾನು ಹೋಗಿ ಬತ್ತೀನಿ."

ಒಣ ಅಚ್ಚಿಗೆ ಪಾಕ ಅಂಟುತ್ತದೆ, ನೆನೆಸಿದ ಅಚ್ಚಿಗೆ ಅಂಟುವುದಿಲ್ಲ. ಇದು ದೇವೀರಿಗೆ ಗೊತ್ತಿದ್ದ ವಿದ್ಯೆ. ಬಾವಿಯ ನೀರನ್ನು ಮೈಮೇಲೆ ಸುರಿದುಕೊಂಡು, ಒದ್ದೆ ಸೀರೆಯಲ್ಲೇ, ಒಂದು ಗಿಂಡಿ ಹಾಲು ಹಿಡಿದು ಹೊರಟಳು.

ಅಂಗಡಿಯ ಮೊದಲ ಬಾಗಿಲಲ್ಲಿ ಸಕ್ಕರೆ ಗಿಳಿಗಳ ಹಿಂಡು ಮುತ್ತಿತು. ಉಗುರು ಅಂಟದೆ ಜಾರಿದವು. ಎರಡನೆಯ ಬಾಗಿಲಲ್ಲಿ ಸಕ್ಕರೆ ಹುಲಿ ಹೆಗಲ ಮೇಲೆ ಪಂಜವಿಟ್ಟಿತು. ಪಂಜ ಕರಗಿ ಬಿತ್ತು. ಮೂರನೆಯ ಬಾಗಿಲಾಚೆ ಕೊತಕೊತ ಕುದಿಯುವ ಪಾಕದ ಕೊಪ್ಪರಿಗೆ. ಅದರೊಳಗಿಂದ ಮಕ್ಕಳ ದನಿಗಳು ಅವ್ವಂದಿರನ್ನು ಕರೆಯುತ್ತಿದ್ದವು. ಆ ಬಿಸಿಗೆ ದೇವೀರಿಯ ಸೀರೆ ಒಣಗತೊಡಗಿತು.

"ಒಂದು ಗಿಳಿ ತಗೋ ತಾಯಿ, ಬಿಟ್ಟಿ," ಎಂದು ಕರಾಳದತ್ತ ನಗುತ್ತ ಅವಳ ಮಣಿಕಟ್ಟು ಹಿಡಿದ. ಹಿಡಿತ ಅಂಟಿತು. ಅವಳ ಬೆರಳುಗಳು ಒಂದೊಂದಾಗಿ ಸಕ್ಕರೆಯಾಗತೊಡಗಿದವು.

"ನಂದೂ ಇದೇ ಕಸುಬು ಸ್ವಾಮಿ. ನಿಮ್ಮ ಪಾಕದಾಗೆ ಕೊಳೆ ಐತೆ," ಎಂದು ದೇವೀರಿ ಇನ್ನೊಂದು ಕೈಯಿಂದ ಕೊಪ್ಪರಿಗೆಗೆ ಹಾಲು ಸುರಿದಳು.

ಹಾಲು ಬಿದ್ದರೆ ಪಾಕದ ಕೊಳೆ ಮೇಲೇಳುತ್ತದೆ. ಕಪ್ಪು ನೊರೆ ಎದ್ದಿತು. ನೊರೆಯ ತುಂಬ ಪಿಳಿಪಿಳಿ ಮಿಟುಕುವ ಕಣ್ಣುಗಳು. ಅವಳು ಸೌಟು ಹಿಡಿದು ಒಂದೊಂದನ್ನೂ ತೆಗೆದು ಒಲೆಯ ಬೂದಿಗೆ ಎಸೆದಳು. ಕೊನೆಯ ಕಣ್ಣು ಮುಚ್ಚಿದಾಗ ಕರಾಳದತ್ತ ಪುಡಿಪುಡಿಯಾಗಿ ನೆಲಕ್ಕುದುರಿದ. ಅವಳ ಕೈ ಮೊದಲಿನಂತಾಯಿತು, ಕೊಪ್ಪರಿಗೆಯೊಳಗಿನ ದನಿಗಳು ಹೊರಗೆ ಹಾರಿದವು.

ದೇವೀರಿ ಮನೆಗೆ ಓಡಿದಳು. ಚೆಲುವಿ ಬಾಯಿ ತೆರೆದಳು. ಯಾವ ಮಾತು ಬರುವುದೋ ಎಂದು ತಾಯಿ ಅವಳ ಬಾಯನ್ನೇ ನೋಡಿದಳು.

"ಅವ್ವಾ, ಇರುವೆ ಕಚ್ತಾವೆ ಕಣವ್ವಾ. ಉರೀತದೆ."

ದೇವೀರಿ ಮತ್ತೆ ಮೆತ್ತಗಾದ ಮಗಳ ಕಾಲನ್ನು ಎದೆಗೊತ್ತಿಕೊಂಡು ಅತ್ತಳು. ಕರಗಿದ ಕಿರುಬೆರಳು ಮತ್ತೆ ಬರಲಿಲ್ಲ. ಆದರೂ ಅಂದಿನಿಂದ ಹೊನ್ನಗುಡ್ಡದ ಜನ ಸುಖವಾಗಿದ್ದರು. ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ವಟವಟ ಮಾತಾಡಿದರೂ ಅಲ್ಲಿ ಯಾರೊಬ್ಬರೂ ಸುಮ್ಮನಿರು ಎನ್ನುತ್ತಿರಲಿಲ್ಲ.