ಗವಿಯ ಕೊಳಕ್ಕೆ ಬಂದ ಮಲ್ಪೆಯ ಮೀನು

ಅಮರೇಶ ಕೆಲಸ ಮುಗಿಸಿ ಕೊಲ್ಲಿ ದೇಶದ ಖೈತಾನಿನ ಫ್ಲ್ಯಾಟಿಗೆ ಬೇಗ ಬಂದ ದಿನ, ಹೆಂಡತಿಯ ತಲೆ ಬಕೆಟ್ಟಿನೊಳಗಿತ್ತು.

“ಯವ್ವಾ, ನವ್ಯಾ!” ಟಿಫಿನ್ ಬಾಕ್ಸ್ ಬಿಸಾಕಿ ಓಡಿದವನೇ ಭುಜ ಹಿಡಿದು ಮೇಲೆತ್ತಿದ. “ಏನ್ ಮಾಡಾಕತ್ತಿ?”

ನವ್ಯಶ್ರೀಯ ಮೂಗಿಗೆ ನೀರು ಹೊಕ್ಕು ಸೀನಿನ ಮೇಲೆ ಸೀನು. “ಎಂತ ಇಲ್ಲ ಮಾರಾಯ್ರೆ. ಮುಖ ತೊಳೀತಿದ್ದೆ.”

“ಹಿಂಗ ಯಾರ್ ತೊಳೀತಾರ?”

“ನಮ್ಮ ಮಲ್ಪೆಯಲ್ಲಿ ಹೀಗೇ.”

ಬಾಗಲಕೋಟೆಯವನು ಪಾಪ, ನಂಬಿದ. ಮಲ್ಪೆಯ ಬಗ್ಗೆ ಅವಳು ಏನು ಹೇಳಿದರೂ ನಂಬುತ್ತಿದ್ದ. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಮದುವೆಗೆ ಮುಂಚೆ, ಇಲ್ಲೇ ಶುವೈಖಿನ ಆಫೀಸಿನಲ್ಲಿ ಅವಳ ಟೇಬಲ್ಲಿನ ಸುತ್ತ ಕೆಲಸವಿಲ್ಲದಿದ್ದರೂ ಸುಳಿದಾಡುತ್ತಿದ್ದ ಕಾಲದಲ್ಲಿ, “ಕಡಲ ದಂಡಿ ಮಂದಿ ನೀವು, ಮೀನಿನಂಗ ಈಜ್ತೀರಿ ಅಲ್ರೀ?” ಎಂದು ಕಣ್ಣರಳಿಸಿ ಕೇಳಿದ್ದ. ಆ ಕಣ್ಣುಗಳಿಗೆ ನಿರಾಸೆ ಮಾಡಲು ಮನಸ್ಸಾಗದೆ ಅವಳು ತಲೆಯಾಡಿಸಿಬಿಟ್ಟಿದ್ದಳು. ನಿಜ ಹೇಳಬೇಕೆಂದರೆ, ಅವಳಮ್ಮ ಉಮಾವತಿ ಮಗಳನ್ನು ಪಾದ ಒದ್ದೆಯಾಗುವುದಕ್ಕಿಂತ ಮುಂದೆ ಕಡಲಿಗೆ ಬಿಟ್ಟವರೇ ಅಲ್ಲ.

ಈಗ ಗಂಡ ರಜೆಯನ್ನೆಲ್ಲ ಕೂಡಿಟ್ಟು ಎಲ್ಲೋ ದೂರದ ಸಮೋವಾ ದ್ವೀಪಕ್ಕೆ ಟಿಕೆಟ್ ಮಾಡಿಸಿದ್ದ. ಗವಿಯೊಳಗೆ ಕೊಳ, ನೆಲ ಬಾಯ್ದೆರೆದಲ್ಲಿ ಕಡಲ ನೀರು! ಮೊಬೈಲಿನಲ್ಲಿ ಫೋಟೊ ತೋರಿಸುವಾಗ ಅವನ ಮುಖ ನೋಡಬೇಕಿತ್ತು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಪಕ್ಕದ ಫ್ಲ್ಯಾಟಿನ ಕದೀಜಾ ಗುರುವಾದಳು. “ಮೊದಲು ಉಸಿರು ಕಟ್ಲಿಕ್ಕೆ ಕಲಿ, ಉಳಿದದ್ದು ದೇವರು ನೋಡಿಕೊಳ್ತಾನೆ.” ಬೇಸಿಗೆಯಲ್ಲಿ ನಲ್ಲಿ ನೀರು ಕೈ ಸುಡುವುದರಿಂದ, ಬೆಳಗ್ಗೆಯೇ ತುಂಬಿ ಆರಲು ಇಟ್ಟ ಬಕೆಟ್ಟಿನಲ್ಲೇ ಅಭ್ಯಾಸ ನಡೆದಿತ್ತು.

ದ್ವೀಪದಲ್ಲಿ ಮೊದಲ ದಿನ, ಉದ್ದನೆಯ ಏಣಿ ಇಳಿದು ಹೋಗುವ ಹೊಂಡ. ನವ್ಯಶ್ರೀಗೆ ತಲೆನೋವು. ಮರುದಿನ ಬಂಡೆಗಳ ನಡುವಿನ ಮಡು. ಊಟ ಜಾಸ್ತಿಯಾಗಿತ್ತು. ಅದರ ಮರುದಿನ ಗವಿಯ ಕೊಳಕ್ಕೆ ಬರುವಷ್ಟರಲ್ಲಿ ನೆಪಗಳೆಲ್ಲ ಖಲಾಸ್.

ನೀರು ತಿಳಿಹಸಿರಾಗಿತ್ತು, ಒಳಗೆ ಹೋದಂತೆ ಕಪ್ಪಾಗುತ್ತಿತ್ತು. ಅಮರೇಶ ಹೆಗಲಿಗೆ ಟವೆಲ್ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತ. ಮದುವೆ ಮಂಟಪದಲ್ಲಿ ನೋಡಿದ್ದನಲ್ಲ, ಹಾಗೇ ಅವಳನ್ನು ನೋಡಿದ. “ಇಳೀ, ನೋಡೂಣು.”

ಇನ್ನು ಮೇಲೆ ಅವನು ಹೀಗೆ ನೋಡುವುದಿಲ್ಲ ಎನಿಸಿ ಅವಳು ತಲೆ ತಗ್ಗಿಸಿದಳು.

“ನಂಗೆ ಈಜ್ಲಿಕ್ಕೆ ಬರುದಿಲ್ಲ. ಸುಳ್ಳು ಹೇಳಿದ್ದೆ. ಆವತ್ತು ಬಕೆಟ್ಟಲ್ಲಿ ಕಲೀತಾ ಇದ್ದದ್ದು.”

ಅವಳು ತಲೆಯೆತ್ತಲಿಲ್ಲ.

“ಹಂಗಾದ್ರ ಇಷ್ಟ್ ದೂರ ಯಾಕ ಬಂದಿ?”

“ನೀವು ಅಷ್ಟು ಆಸೆಪಟ್ಟಿದ್ರಲ್ಲ.”

“ನನಗೆಲ್ಲೀ ಆಸೆ? ಆ ಬಿಸಿಲಾಗ ಬಾಡಾಕತ್ತಿ, ನೀರು ಕಂಡ್ರ ಅರಳ್ತಿ ಅಂದ್ಕೊಂಡೆ. ನನಗೂ ಈಜು ಬರಂಗಿಲ್ಲ. ಇಲ್ಲೇ ಕುಂತು ನಿನ್ನ ನೋಡೂಣು ಅಂತ ಬಂದೆ.”

ನವ್ಯಶ್ರೀಗೆ ನಗು ಬಂತು, ನಗುನಗುತ್ತಲೇ ಅಳು ಬಂತು. ಭೂಮಿಯ ಆ ತುದಿಯಿಂದ ಈ ತುದಿಗೆ, ತನ್ನನ್ನು ನೋಡಲೆಂದೇ ಟವೆಲ್ ಹೊತ್ತು ಬಂದವನ ಮೇಲೆ ಹೇಳತೀರದ ಪ್ರೀತಿ ಉಕ್ಕಿತು. ಆ ಟವೆಲ್ ಕಿತ್ತು ಬದಿಗೆಸೆದಳು. “ಏಳಿ. ಯಲ್ಲಾ, ಇಳಿಯುವ!”

ಒಂದು ಕೈಯಲ್ಲಿ ಮೆಟ್ಟಿಲ ಪಕ್ಕದ ಕಬ್ಬಿಣದ ಸರಳು, ಇನ್ನೊಂದರಲ್ಲಿ ಗಂಡ. ತಣ್ಣೀರು ಸೊಂಟಕ್ಕೇರಿದಾಗ ಇಬ್ಬರೂ ಕಿರುಚಿದ ಕಿರುಚಾಟಕ್ಕೆ, ಅತ್ತ ಈಜುತ್ತಿದ್ದವರೆಲ್ಲ ತಿರುಗಿ ನೋಡಿದರು. ನವ್ಯಶ್ರೀ ಯಾರನ್ನೂ ಲೆಕ್ಕಕ್ಕಿಡದೆ ಗಂಡನನ್ನು ಕೊನೆಯ ಮೆಟ್ಟಿಲಿನಾಚೆ ಎಳೆದುಕೊಂಡಳು. ಮದುವೆಯಾಗಿ ವರ್ಷವಾದರೂ ಬಾಯಿಬಿಟ್ಟು ಹೇಳಿರದ ಮಾತನ್ನು ಅವನ ಕಿವಿಯ ಹತ್ತಿರ ಹೋಗಿ ಹೇಳಿದಳು.

“ನಂಗೆ ನೀವಂದ್ರೆ ಜೀವ, ಮಾರಾಯ್ರೆ.”

“ನನಗೂ, ನನಗೂ!” ಅಮರೇಶ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದ. “ಖರೇ ಹೇಳಾಕತ್ತೀನಿ. ಆದ್ರ ಕೈ ಮಾತ್ರ ಬಿಡಬ್ಯಾಡವಾ, ಕಾಲಿಗೆ ನೆಲ ಸಿಗವಲ್ದು!”